ಹೆಂಚಿನ ಮೇಲಿನ ಮಳೆ: ಸದ್ದು, ನೆನಪು, ಕವಿತೆ

ಸದಸ್ಯ ಬಾಂಧವರಾದ ನಾವು ಮಳೆಯನ್ನು ಅಳೆಯುವುದು ಇಂಚು ಮತ್ತು ಸೆಂಟಿನಲ್ಲಿ. ಮಾರ್ಚ್-ಏಪ್ರಿಲ್ ತಿಂಗಳಲ್ಲಿ ಒಂದು ಇಂಚು ಬಿದ್ದರೆ ಕಾಫಿ ಹೂ ಅರಳೀತೆಂಬ ಧೈರ್ಯ. ಎರಡು ಮೂರು ವಾರ ಕಳೆದು ಬ್ಯಾಕಿಂಗ್ ಮಳೆ ಬಂದರೆ ಕಾಯಿ ಕಚ್ಚೀತೆಂಬ ನೆಮ್ಮದಿ. ಆರಿದ್ರೆ, ಪುನರ್ವಸು ಬಿಡುವು ಕೊಡದೆ ಹೊಯ್ದರೆ ಬೋರ್ಡೋ ದ್ರಾವಣ ಹೊಡೆಯಲಾಗದೆ ಅಡಿಕೆಗೆ ಕೊಳೆರೋಗದ ಭಯ. ಈ ಲೆಕ್ಕಗಳೆಲ್ಲ ನಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತಲೇ ಇವೆ, ಬರಬೇಕಾದದ್ದೂ ಹೌದು.

ಆದರೆ ಮಳೆಗೆ ಮಾಪಕದಲ್ಲಿ ಸಿಕ್ಕದ ಇನ್ನೊಂದು ಗುಣವಿದೆ. ಅದು ಅದರ ಸದ್ದು. ರಾತ್ರಿ ಹಾಸಿಗೆಯಲ್ಲಿ ಮಲಗಿರುವಾಗ ಹೆಂಚಿನ ಮೇಲೆ ಮೊದಲ ಹನಿಗಳು ತಟತಟನೆ ಬಿದ್ದರೆ, ಅರವತ್ತು ದಾಟಿದ ಬೆಳೆಗಾರನೂ ಒಂದು ಕ್ಷಣ ಆರು ವರ್ಷದ ಹುಡುಗನಾಗುತ್ತಾನೆ. ಎಂದೋ ತೀರಿಕೊಂಡ ಅಜ್ಜಿಯ ದನಿ, ಒಲೆಯ ಮುಂದೆ ಸುಟ್ಟ ಹಲಸಿನ ಬೀಜ, ಹೊದ್ದುಕೊಂಡಿದ್ದ ಕರಿ ಕಂಬಳಿಯ ಒರಟು ಎಲ್ಲವೂ ಕರೆಯದೆಯೇ ಬರುತ್ತವೆ. ಕವಿಗಳು ಇದನ್ನೇ ಹಿಡಿದು ಹಾಡಿದ್ದಾರೆ. ಹೀಗೆ ಆಗುವುದು ಏಕೆ, ಕವಿತೆ ಇದನ್ನು ಹೇಗೆ ಬಳಸಿಕೊಳ್ಳುತ್ತದೆ ಎಂಬುದನ್ನು ಸರಳವಾಗಿ ವಿವರಿಸುವುದೇ ಈ ಲೇಖನದ ಉದ್ದೇಶ.

ಕೋಲಾರದ ಮಾತು ಇಲ್ಲೇಕೆ?

ಕಾಫಿ, ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಮಾತೇಕೆ ಎಂದು ಓದುಗರು ಕೇಳಬಹುದು. ಈ ಲೇಖಕ ಮುಳಬಾಗಿಲು ಸೀಮೆಯಲ್ಲಿ ಹುಟ್ಟಿ, ಮೇಷ್ಟ್ರ ಕೆಲಸದ ಮೇಲೆ ಮಲೆನಾಡಿಗೆ ಬಂದು ಇಲ್ಲೇ ತುಂಡು ತೋಟ ಮಾಡಿಕೊಂಡವನು ಎಂಬುದು ಒಂದು ಕಾರಣ. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಹಸಿದವನಿಗೆ ಅನ್ನದ ರುಚಿ ಹೆಚ್ಚು ಗೊತ್ತು. ಅಂತೆಯೇ ಮಳೆ ಕಡಿಮೆಯಿರುವ ಕಡೆ ಅದರ ಸದ್ದಿಗೆ ಕಿವಿ ಹೆಚ್ಚು ಚುರುಕು.

ಕೋಲಾರ ಸೀಮೆಯಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 30 ಇಂಚು. ಮಡಿಕೇರಿಯಲ್ಲಿ ಅದು 100 ಇಂಚನ್ನು ಮೀರುತ್ತದೆ. ಆಗುಂಬೆಯಲ್ಲಿ ಸುಮಾರು 300. ನಮ್ಮಲ್ಲಿ ಜೂನ್, ಜುಲೈ ತಿಂಗಳು ಜಡಿಮಳೆಯ ಕಾಲವಾದರೆ, ಅಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ವರ್ಷಪೂರ್ತಿ ಹರಿಯುವ ನದಿ ಅಲ್ಲಿಲ್ಲ. ಪಾಲಾರ್ ಹಾದುಹೋದರೂ ಅದರ ಮರಳಲ್ಲಿ ನೀರು ಕಾಣುವುದು ಮಳೆ ಬಂದಾಗಲಷ್ಟೆ. ಆದ್ದರಿಂದ ಹಿಂದಿನವರು ಊರಿಗೊಂದು, ಎರಡು ಕೆರೆ ಕಟ್ಟಿ ಬದುಕಿದರು. ಕೆರೆಗೆ ನೀರು ಬಂತೆಂದರೆ ರಾಗಿ ಮುದ್ದೆ, ಬಾರದಿದ್ದರೆ ಗುಳೆ.

ಹಾಗಿದ್ದರೂ ಎರಡು ಸೀಮೆಗೂ ನಂಟಿದೆ. ಬೇಸಗೆಯಲ್ಲಿ ಬೀಳುವ ಮಳೆಯನ್ನು ನಾವು ಹೂಮಳೆ ಎನ್ನುತ್ತೇವೆ. ಶ್ರೀನಿವಾಸಪುರದ ಮಾವಿನ ಬೆಳೆಗಾರರು ಮಾವಿನ ಮಳೆ ಎನ್ನುತ್ತಾರೆ. ಅದು ಹದವಾಗಿ ಬಿದ್ದರೆ ಕಾಯಿ ದಪ್ಪವಾಗುತ್ತದೆ. ಆಲಿಕಲ್ಲಿನೊಡನೆ ಬಂದರೆ ರಾತ್ರಿಯೆಲ್ಲ ಎಳೆಗಾಯಿ ನೆಲಕ್ಕೆ ಬೀಳುವ ಸದ್ದು. ಭರಣಿ ಸುರಿದರೆ ಧರಣಿ ಬದುಕೀತು ಎಂಬ ಗಾದೆ ಎರಡು ಕಡೆಯೂ ಒಂದೇ.

ಸದ್ದು ಹುಟ್ಟುವ ಬಗೆ

ಮಳೆಯ ಹನಿಗೆ ತನ್ನದೆಂಬ ದೊಡ್ಡ ಸದ್ದಿಲ್ಲ. ಅದು ಯಾವುದರ ಮೇಲೆ ಬೀಳುತ್ತದೆಯೋ ಅದರ ಸದ್ದನ್ನು ಎಬ್ಬಿಸುತ್ತದೆ. ಹನಿಯ ಅಡ್ಡಳತೆ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನಿಂದ 5 ಮಿಲಿಮೀಟರಿನವರೆಗೆ. ಒಂದು ಮಿಲಿಮೀಟರಿನ ಹನಿ ಸೆಕೆಂಡಿಗೆ ಸುಮಾರು 4 ಮೀಟರ್ ವೇಗದಲ್ಲಿ ಇಳಿದರೆ, ದೊಡ್ಡ ಹನಿ ಸುಮಾರು 9 ಮೀಟರ್ ವೇಗದಲ್ಲಿ ಬಂದು ಬಡಿಯುತ್ತದೆ. ಆದ್ದರಿಂದಲೇ ತುಂತುರು ಪಿಸುಗುಟ್ಟುತ್ತದೆ, ಬಿರುಮಳೆ ಅಬ್ಬರಿಸುತ್ತದೆ.

ನೀರಿನ ಮೇಲೆ ಬಿದ್ದ ಹನಿಯ ಬಗೆ ಬೇರೆ. ಅದು ನೀರಿನೊಳಗೆ ಒಂದು ಚಿಕ್ಕ ಗಾಳಿಗುಳ್ಳೆಯನ್ನು ಸಿಕ್ಕಿಸುತ್ತದೆ. ಆ ಗುಳ್ಳೆ ಅದುರುವಾಗ ಬರುವುದೇ ಕೆರೆಯಲ್ಲೂ ಅಂಗಳದ ಹಂಡೆಯಲ್ಲೂ ಕೇಳುವ ಟಿಳ್ ಎಂಬ ಸದ್ದು. ಸೋಗೆಯ ಮಾಡು ಸದ್ದನ್ನು ನುಂಗುತ್ತದೆ. ತಗಡು ಅದನ್ನು ಹತ್ತು ಪಟ್ಟು ಮಾಡಿ ಮಾತೇ ಕೇಳದಂತೆ ಮಾಡುತ್ತದೆ. ಹೆಂಚು ಇವೆರಡರ ನಡುವಿನದು.

ಹೆಂಚಿನ ಮಾತಿಗೆ ಮಾಲೂರನ್ನು ನೆನೆಯಲೇಬೇಕು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿ, ಮಲೆನಾಡುಗಳ ಮನೆಗಳಿಗೆ ಮಂಗಳೂರು ಹೆಂಚು ಬಂತು. ಬಯಲುಸೀಮೆಯಲ್ಲಿ ಅಂಥ ಹೆಸರು ಪಡೆದ ಊರು ಮಾಲೂರು. ಅಲ್ಲಿನ ಇಟ್ಟಿಗೆ, ಹೆಂಚುಗಳು ದೂರದೂರದ ಊರುಗಳಿಗೆ ಹೋದವು. ಹೆಂಚಿಗೆ ಬೇಕಾದದ್ದು ಜೇಡಿಮಣ್ಣು. ಆ ಮಣ್ಣನ್ನು ತಂದು ಕೂಡಿಸುವುದು ಮಳೆಯ ನೀರೇ. ಹಿಂದಿನ ಮಳೆಗಳು ತಂದಿಟ್ಟ ಮಣ್ಣಿನ ಮೇಲೆ ಈಗಿನ ಮಳೆ ಬಿದ್ದು ಸದ್ದು ಮಾಡುತ್ತದೆ.

ನೆನಪು ಏಳುವ ಬಗೆ

ಮಗು ಮಳೆಯ ಸದ್ದನ್ನು ಸದ್ದೆಂದು ಮಾತ್ರ ಕೇಳುವುದಿಲ್ಲ. ಅದನ್ನು ಕೇಳುವಾಗ ಯಾರ ಮಗ್ಗುಲಲ್ಲಿತ್ತು, ಹೊಟ್ಟೆ ತುಂಬಿತ್ತೋ ಹಸಿದಿತ್ತೋ, ಮನೆಯವರು ನಗುತ್ತಿದ್ದರೋ ಹೆದರಿದ್ದರೋ ಎಲ್ಲವೂ ಅದರ ಜೊತೆಗೇ ಮನಸ್ಸಿನಲ್ಲಿ ಕಟ್ಟಾಗುತ್ತದೆ. ಮುಂದೆ ಕಟ್ಟಿನ ಒಂದು ಎಳೆ ಎಳೆದರೆ ಉಳಿದದ್ದೂ ಬರುತ್ತದೆ.

ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಬ್ರಿಟನ್ನಿನ ಗಾಡನ್ ಮತ್ತು ಬ್ಯಾಡ್ಲಿ ಎಂಬ ಮನಶ್ಶಾಸ್ತ್ರಜ್ಞರು 1975ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮುಳುಗುಗಾರರಿಗೆ ಕೆಲವು ಪದಗಳನ್ನು ದಡದಲ್ಲಿಯೂ ಕೆಲವನ್ನು ನೀರಿನೊಳಗೂ ಕಲಿಸಿದರು. ನೀರಿನೊಳಗೆ ಕಲಿತದ್ದು ನೀರಿನೊಳಗೇ, ದಡದಲ್ಲಿ ಕಲಿತದ್ದು ದಡದಲ್ಲೇ ಹೆಚ್ಚು ಚೆನ್ನಾಗಿ ನೆನಪಾಯಿತು. ಈಚೆಗೆ ನಡೆದ ಮರುಪರೀಕ್ಷೆಯಲ್ಲಿ ಇಷ್ಟು ಸ್ಪಷ್ಟವಾದ ಫಲ ಬರಲಿಲ್ಲವಾದ್ದರಿಂದ ಇದನ್ನು ಕಟ್ಟುನಿಟ್ಟಿನ ನಿಯಮವೆಂದು ಹಿಡಿಯಬಾರದು. ಆದರೂ ಕಲಿತ ಸನ್ನಿವೇಶ ಮರಳಿದರೆ ಕಲಿತದ್ದೂ ಮರಳಬಹುದು ಎಂಬ ಮಾತು ನಮ್ಮ ಅನುಭವಕ್ಕೆ ಒಪ್ಪುತ್ತದೆ.

ಮಳೆಗೆ ಇಲ್ಲಿ ಎರಡು ಅನುಕೂಲಗಳಿವೆ. ಒಂದು, ಅದು ಒಂದೇ ಸಮನೆ ಸುರಿದು ಉಳಿದ ಸದ್ದುಗಳನ್ನೆಲ್ಲ ಮುಚ್ಚಿಬಿಡುತ್ತದೆ. ರಸ್ತೆಯ ಬಸ್ಸು, ಪಕ್ಕದ ಮನೆಯ ಮಾತು ಯಾವುದೂ ಕೇಳದು. ಮನಸ್ಸು ಹೊರಗೆ ಹೋಗಲು ದಾರಿಯಿಲ್ಲದೆ ಒಳಗೆ ತಿರುಗುತ್ತದೆ. ಎರಡು, ಅದು ವರ್ಷವಿಡೀ ಇರುವುದಿಲ್ಲ. ಬಿಟ್ಟು ಬಿಟ್ಟು ಬರುತ್ತದೆ. ದಿನವೂ ಕೇಳುವ ಗಡಿಯಾರದ ಸದ್ದು ಯಾವ ನೆನಪನ್ನೂ ತಾರದು. ಎಂಟು ತಿಂಗಳ ಮೇಲೆ ಬಂದ ಸದ್ದು ತನ್ನೊಡನೆ ಹಿಂದಿನ ಮಳೆಗಾಲಗಳನ್ನೂ ತರುತ್ತದೆ. ಇದರ ಜೊತೆಗೆ ಒಣನೆಲ ನೆನೆದ ವಾಸನೆಯೂ ಸೇರಿದರೆ ಕೇಳುವುದೇ ಬೇಡ. ಆ ವಾಸನೆಗೆ 1964ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳಿಬ್ಬರು ಪೆಟ್ರಿಕೋರ್ ಎಂದು ಹೆಸರಿಟ್ಟರು. ನಮ್ಮ ಹಿರಿಯರಿಗೆ ಮಣ್ಣಿನ ವಾಸನೆ ಎಂದರೆ ಸಾಕಾಗಿತ್ತು.

ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬ ಮಾತು ನೆರಳು ಮರದ ಕೆಳಗೆ ಕೆಲಸ ಮಾಡಿದವರಿಗೆಲ್ಲ ಗೊತ್ತು. ನೆನಪಿನ ಸ್ವಭಾವವೂ ಹಾಗೆಯೇ.

ಕವಿತೆ ಮಾಡುವ ಕೆಲಸ

ಹಾಗಾದರೆ ಕವಿತೆಯ ಪಾತ್ರವೇನು? ಸದ್ದನ್ನು ಕಾಗದದ ಮೇಲೆ ಕಟ್ಟಿಡಲು ಕವಿಗೆ ಇರುವ ಮೊದಲ ಸಾಧನ ಅನುಕರಣ ಶಬ್ದ. ಕನ್ನಡದಲ್ಲಿ ಇವುಗಳ ಸಂಪತ್ತು ಬಹಳ. ಜಿಟಿಜಿಟಿ ಎಂದರೆ ಬಿಡದ ಸಣ್ಣ ಮಳೆ, ಚಟಪಟ ಎಂದರೆ ದಪ್ಪ ಹನಿ, ಧೋ ಎಂದರೆ ಸುರಿಮಳೆ, ತೊಟ್‌ತೊಟ್ ಎಂದರೆ ನಿಂತ ಮೇಲಿನ ಸೂರಿನ ಹನಿ. 13ನೆಯ ಶತಮಾನದ ಕೇಶಿರಾಜನೂ ತನ್ನ ಶಬ್ದಮಣಿದರ್ಪಣದಲ್ಲಿ ಇಂಥ ಅನುಕರಣ ಶಬ್ದಗಳನ್ನು ಅವ್ಯಯಗಳ ಸಾಲಿಗೆ ಸೇರಿಸಿದ್ದಾನೆ. ಮಗು ಮೊದಮೊದಲು ಕಲಿಯುವ ಮಾತುಗಳಲ್ಲಿ ಇವು ಸೇರಿವೆ. ಅರ್ಥ ತಿಳಿಯುವ ಮೊದಲೇ ಬಾಯಿಗೆ ಬಂದ ಮಾತುಗಳಾದ್ದರಿಂದ ಕವಿತೆಯಲ್ಲಿ ಇವು ಬಂದೊಡನೆ ನಾವು ಬುದ್ಧಿಯಿಂದ ಓದುವುದನ್ನು ಬಿಟ್ಟು ಕಿವಿಯಿಂದ ಓದತೊಡಗುತ್ತೇವೆ. ಕೋಲಾರ ಸೀಮೆಯ ಎಷ್ಟೋ ಮನೆಗಳಲ್ಲಿ ಕನ್ನಡ, ತೆಲುಗು ಎರಡೂ ನಡೆಯುವುದರಿಂದ ಅಲ್ಲಿಯ ಮಕ್ಕಳಿಗೆ ಹೊರಗೆ ಮಳೆ, ಒಳಗೆ ವಾನ. ಎರಡು ಭಾಷೆಯ ಸದ್ದುಗಳು ಅವರ ಕಿವಿಯಲ್ಲಿ ಒಟ್ಟಿಗಿರುತ್ತವೆ.

ಈ ಮಾತಿಗೆ ಒಳ್ಳೆಯ ಸಾಕ್ಷಿ ರವೀಂದ್ರನಾಥ ಠಾಕೂರರು. 1912ರಲ್ಲಿ ಪುಸ್ತಕವಾಗಿ ಬಂದ ತಮ್ಮ ಜೀವನಸ್ಮೃತಿಯಲ್ಲಿ ಅವರು, ಅಕ್ಷರ ಕಲಿಯುವ ದಿನಗಳಲ್ಲಿ ಮಳೆಯನ್ನೂ ಅಲುಗುವ ಎಲೆಯನ್ನೂ ಕುರಿತ ಒಂದು ಪುಟ್ಟ ಸಾಲನ್ನು ಓದಿದಾಗ ಆದ ಸಂತೋಷವನ್ನು ಹೇಳಿದ್ದಾರೆ. ಮಳೆ ಟಾಪುರ್ ಟುಪುರ್ ಎಂದು ಬೀಳುವುದನ್ನು ಹೇಳುವ ಬಂಗಾಳದ ಇನ್ನೊಂದು ಮಕ್ಕಳ ಪದವನ್ನು ತಮ್ಮ ಬಾಲ್ಯದ ಮೇಘದೂತವೆಂದೇ ಕರೆದಿದ್ದಾರೆ. ಮುಂದೆ ಆ ಪದವನ್ನೇ ಹಿಡಿದು, ಮಳೆಯ ದಿನ ಬಾಲ್ಯ ನೆನಪಾಗುವ ಕವಿತೆಯೊಂದನ್ನೂ ಬರೆದರು. ಜಗತ್ತು ಕೊಂಡಾಡಿದ ಕವಿಗೆ ಕಾವ್ಯದ ಮೊದಲ ಪಾಠ ಹೇಳಿದ್ದು ಮಳೆಯ ಸದ್ದು.

ನಮ್ಮಲ್ಲಿ ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಬರೆದ ತೆಂಕಣ ಗಾಳಿಯಾಟದಲ್ಲಿ ಗಾಳಿಯ ಬೀಸನ್ನೇ ಪದಗಳ ಓಟದಲ್ಲಿ ಹಿಡಿದರು. ಧಾರವಾಡದ ಬೇಂದ್ರೆಯವರು ಶ್ರಾವಣದ ಮೇಲೆ ಮತ್ತೆ ಮತ್ತೆ ಹಾಡಿದರು. ಕುವೆಂಪು ಅವರ ಮಲೆನಾಡಿನ ಚಿತ್ರಗಳು 1933ರಲ್ಲಿ ಹೊರಬಂದಾಗ ಅವರು ಇದ್ದದ್ದು ಮೈಸೂರಿನಲ್ಲಿ. ಬರೆದದ್ದು ಕುಪ್ಪಳಿಯ ಸುತ್ತಿನ ಬಾಲ್ಯವನ್ನು. ದೂರ ಹೋದವನಿಗೆ ಊರಿನ ಸದ್ದು ಹೆಚ್ಚು ಕೇಳಿಸುತ್ತದೆ.

ಕಾಳಿದಾಸನಿಗೂ ಇದು ಗೊತ್ತಿತ್ತು. ಶಾಕುಂತಲದ ಐದನೆಯ ಅಂಕದಲ್ಲಿ ದುಷ್ಯಂತ ಒಂದು ಹಾಡು ಕೇಳಿ, ಕೊರತೆಯೇನೂ ಇಲ್ಲದಿದ್ದರೂ ತಳಮಳಗೊಳ್ಳುತ್ತಾನೆ. ಇಂಪಾದ ಸದ್ದು ಕೇಳಿದಾಗ ಸುಖಿಯಾದವನ ಮನಸ್ಸೂ ಕಲಕುವುದು, ಹಳೆಯ ಜನ್ಮದ ಒಲವು ತಿಳಿಯದೆಯೇ ನೆನಪಾಗುವುದರಿಂದ ಎಂಬುದು ಅವನ ವಿವರಣೆ. ಆ ಹೊತ್ತಿಗೆ ಅವನು ಶಕುಂತಲೆಯನ್ನು ಮರೆತಿದ್ದಾನೆ! ನಾವು ಮರೆತದ್ದನ್ನು ಕಿವಿ ಮರೆತಿರುವುದಿಲ್ಲ.

ಕೋಲಾರ ಸೀಮೆಯ ಇಬ್ಬರು ಹಿರಿಯರು

ಮುಳಬಾಗಿಲಿನ ಡಿ.ವಿ. ಗುಂಡಪ್ಪನವರೂ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರೂ ಮಳೆಯ ಕವಿಗಳೆಂದು ಹೆಸರಾದವರಲ್ಲ. ಆದರೆ ನೆನಪನ್ನು ಬರಹದ ಬಂಡವಾಳ ಮಾಡಿಕೊಳ್ಳುವುದನ್ನು ಕನ್ನಡಕ್ಕೆ ಕಲಿಸಿದವರಲ್ಲಿ ಇವರು ಮುಖ್ಯರು. ಡಿ.ವಿ.ಜಿ. ತಮ್ಮ ನೆನಪಿನ ಬರಹಗಳ ಸಂಪುಟಗಳಿಗೆ ಇಟ್ಟ ಹೆಸರೇ ಜ್ಞಾಪಕ ಚಿತ್ರಶಾಲೆ. ಹುಟ್ಟೂರಿನ ಸಾಮಾನ್ಯ ಜನರೂ ಅಲ್ಲಿ ದೊಡ್ಡ ವಿದ್ವಾಂಸರಷ್ಟೇ ಗೌರವದಿಂದ ಬರುತ್ತಾರೆ. 1891ರಲ್ಲಿ ಹುಂಗೇನಹಳ್ಳಿಯಲ್ಲಿ ಹುಟ್ಟಿದ ಮಾಸ್ತಿಯವರು ತಮ್ಮ ಜೀವನವನ್ನು ಭಾವ ಎಂಬ ಹೆಸರಿನಲ್ಲಿ ಬರೆದರು. ಬಯಲುಸೀಮೆಯ ಈ ಹಿರಿಯರು ಕಾಫಿಯ ನಾಡಾದ ಕೊಡಗಿನ ಕೊನೆಯ ಅರಸನ ಕಥೆ ಬರೆದು, ಚಿಕವೀರ ರಾಜೇಂದ್ರ ಕಾದಂಬರಿಗೆ 1983ರ ಜ್ಞಾನಪೀಠ ಪಡೆದದ್ದನ್ನು ಕೊಡಗಿನ ಸದಸ್ಯರು ಮರೆತಿರಲಾರರು. ಇವರಿಂದ ನಾವು ಕಲಿಯಬೇಕಾದ್ದು ಇಷ್ಟು: ನೆನಪು ತಾನಾಗಿ ಬರುತ್ತದೆ, ಆದರೆ ತಾನಾಗಿ ಉಳಿಯುವುದಿಲ್ಲ. ಅದನ್ನು ಯಾರಾದರೂ ಬರೆದಿಡಬೇಕು.

ಒಂದೇ ಸದ್ದು, ಎರಡು ನೆನಪು

ನಾನು ಚಿಕ್ಕವನಾಗಿದ್ದಾಗ ಮಳೆ ಹೋದರೆ ಮಕ್ಕಳೆಲ್ಲ ಸೇರಿ ಮಳೆರಾಯನನ್ನು ಹೊರುತ್ತಿದ್ದೆವು. ಮಣ್ಣಿನಲ್ಲಿ ಮಾಡಿದ ಮಳೆರಾಯನನ್ನು ಹಲಗೆಯ ಮೇಲಿಟ್ಟು ಒಬ್ಬ ತಲೆಯ ಮೇಲೆ ಹೊತ್ತರೆ, ಉಳಿದವರು ಹಾಡುತ್ತ ಮನೆಮನೆಗೆ ಹೋಗುವುದು. ಮನೆಯ ಹೆಂಗಸರು ಒಂದು ಚೆಂಬು ನೀರು ಹುಯ್ದು ರಾಗಿ ಹಿಟ್ಟನ್ನೋ ಬೆಲ್ಲವನ್ನೋ ಕೊಡುತ್ತಿದ್ದರು. ಕುಡಿಯಲು ನೀರು ಸಾಲದ ಕಾಲದಲ್ಲಿ ಆ ಒಂದು ಚೆಂಬು ಎಷ್ಟು ದೊಡ್ಡದೆಂದು ನಮಗೆ ತಿಳಿಯುತ್ತಿರಲಿಲ್ಲ.

ಎರಡು ವರ್ಷ ಕೆರೆಗೆ ನೀರು ಬಾರದೆ, ಮನೆಯ ಎತ್ತು ಮಾರಿದ ಮೇಲೆ, ಒಂದು ರಾತ್ರಿ ನಾಡಹೆಂಚಿನ ಮೇಲೆ ಮಳೆ ಬಿತ್ತು. "ಬಂತು ಕಣೇ, ಎದ್ದೇಳು" ಎಂದು ಅಪ್ಪ ಅಮ್ಮನನ್ನು ಎಬ್ಬಿಸಿದ್ದು ಕೇಳಿ ನನಗೂ ಎಚ್ಚರವಾಯಿತು. ಅಮ್ಮ ಸೋರುವ ಕಡೆಯೆಲ್ಲ ಚೆಂಬು, ತಪ್ಪಲೆ, ಬೋಗುಣಿ ಇಟ್ಟಳು. ಅಪ್ಪ ಜಗುಲಿಯಲ್ಲಿ ಕೂತು ಅಳುತ್ತಿದ್ದ. ಗಂಡಸು ಅಳುವುದನ್ನು ನಾನು ಕಂಡದ್ದು ಅದೇ ಮೊದಲು. ಅಂದಿನಿಂದ ಹೆಂಚಿನ ಮೇಲಿನ ಮಳೆಯೆಂದರೆ ನನಗೆ ಅಪ್ಪನ ಕಣ್ಣೀರು, ಅಮ್ಮನ ಪಾತ್ರೆಗಳ ಸದ್ದು.

ಎಷ್ಟೋ ವರ್ಷದ ಮೇಲೆ ಕೊಪ್ಪದ ಕಡೆಯ ಅಡಿಕೆ ತೋಟದ ಮನೆಯೊಂದರಲ್ಲಿ ಆಷಾಢದ ರಾತ್ರಿ ಕಳೆದೆ. ಮಳೆಯ ಸಂಭ್ರಮಕ್ಕೆ ನಿದ್ದೆ ಬಾರದೆ ಎದ್ದು ಬಂದರೆ ಮನೆಯ ಯಜಮಾನರೂ ಜಗುಲಿಯಲ್ಲಿ ಕೂತಿದ್ದರು.

"ಏನು ಮೇಷ್ಟ್ರೇ, ನಿದ್ದೆ ಬಂದಿಲ್ವಾ?"

"ಇಂಥ ಮಳೆ ಬರುವಾಗ ನಿದ್ದೆ ಹೇಗೆ ಮಾಡೋದು ಯಜಮಾನರೇ? ಕೇಳ್ತಾ ಕೂತ್ಕೊಳ್ಳೋಣ ಅನ್ನಿಸ್ತು."

"ನಿಮಗೆ ಸಂತೋಷ, ನಮಗೆ ಸಂಕಟ ಮಾರಾಯ್ರೇ. ಎರಡನೇ ಔಷಧಿ ಹೊಡೆಯೋಕೆ ಒಂದು ದಿನ ಬಿಡುವು ಕೊಟ್ಟಿದ್ರೆ ಸಾಕಿತ್ತು. ಉದುರಿದ್ದನ್ನ ಹೆಕ್ಕಿ ಹೆಕ್ಕಿ ಅಪ್ಪಯ್ಯ ಸುಮ್ಮನೆ ನಿಂತುಬಿಡ್ತಿದ್ದರು. ಈ ಸದ್ದು ಕೇಳಿದ್ರೆ ನನಗೆ ಅದೇ ನೆನಪು."

ಅವರ ತಂದೆ ಮಳೆ ಬಂದದ್ದಕ್ಕೆ ನೊಂದವರು, ನನ್ನ ತಂದೆ ಬಾರದ್ದಕ್ಕೆ. ಇಬ್ಬರ ಮಕ್ಕಳೂ ಒಂದೇ ಜಗುಲಿಯಲ್ಲಿ ಕೂತು ಒಂದೇ ಸದ್ದು ಕೇಳಿದೆವು. ಆದ್ದರಿಂದ ಮಳೆಯ ಸದ್ದು ಸಿಹಿ ನೆನಪನ್ನೇ ತರುತ್ತದೆಂದು ಹೇಳುವ ಕವಿತೆ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಜರಿದಾಗ ಮನೆ ಬಿಟ್ಟು ಓಡಿದ ಮಕ್ಕಳಿಗೆ ಇದೇ ಸದ್ದು ಬೇರೆಯೇ ಆಗಿ ಕೇಳಿಸೀತು. ಅವರಲ್ಲಿ ಒಬ್ಬರು ಮುಂದೆ ಕವಿಯಾದರೆ ಆ ಮಳೆಯನ್ನೂ ನಾವು ಓದಬೇಕಾಗುತ್ತದೆ.

ಮುಂದಿನವರಿಗೆ ಏನು ಉಳಿಯುತ್ತದೆ?

ಈಗ ನಮ್ಮೂರುಗಳಲ್ಲಿಯೂ ಹೆಂಚು ಇಳಿಸಿ ಆರ್.ಸಿ.ಸಿ. ಹಾಕುವುದು ಹೆಚ್ಚಾಗಿದೆ. ಸೋರುವುದಿಲ್ಲ, ಮಂಗನ ಕಾಟವಿಲ್ಲ, ತಪ್ಪೆನ್ನಲಾಗದು. ಆದರೆ ಅದರ ಕೆಳಗೆ ಮಲಗಿದ ಮಗುವಿಗೆ ಮಳೆ ಬಂದದ್ದು ಬೆಳಿಗ್ಗೆ ಅಂಗಳ ನೋಡಿದ ಮೇಲೆಯೇ ತಿಳಿಯುತ್ತದೆ. ಓದಿಗೆಂದು ಹತ್ತನೆಯ ವಯಸ್ಸಿಗೇ ಪಟ್ಟಣ ಸೇರಿದ ಮಕ್ಕಳಿಗೆ ತೋಟದ ಮಳೆಗಾಲವೇ ಇಲ್ಲ.

ಕೋಲಾರದಲ್ಲಿ ಇನ್ನೂ ವಿಚಿತ್ರವಾದದ್ದು ನಡೆಯಿತು. ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿದರೂ ನೀರು ಸಿಕ್ಕದ ಕಾಲದಲ್ಲಿ, ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆರೆ ತುಂಬುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಅಲ್ಲಿಗೆ ಬಂತು. ಮಳೆಯ ಸದ್ದೇ ಇಲ್ಲದೆ ಕೆರೆ ತುಂಬುವುದನ್ನು ಅಲ್ಲಿಯ ಮಕ್ಕಳು ಕಂಡರು. 2021ರ ನವೆಂಬರಿನಲ್ಲಿ ಬಿದ್ದ ಮಳೆಗೆ ಮಾತ್ರ ಎಷ್ಟೋ ಕೆರೆಗಳು ಕೋಡಿ ಬಿದ್ದವು. ಊರವರು ಕೋಡಿಯ ಸದ್ದು ಕೇಳಲು ಕಟ್ಟೆಯ ಮೇಲೆ ಸೇರಿದರು. ಅದೇ ಮಳೆ ಅಲ್ಲಿ ಕೊಯ್ಲಿಗೆ ಬಂದ ರಾಗಿಯನ್ನೂ ನಮ್ಮಲ್ಲಿ ಹಣ್ಣಾದ ಕಾಫಿಯನ್ನೂ ಕೆಡಿಸಿತು. ಕಣದ ಕಾಫಿಗೆ ಟಾರ್ಪಾಲು ಹೊದಿಸಲು ಮನೆಮಂದಿಯೆಲ್ಲ ಓಡಿದ ಆ ದಿನಗಳನ್ನು ನಮ್ಮ ಮಕ್ಕಳು ನೋಡಿದ್ದಾರೆ. ಅವರ ಕಿವಿಯಲ್ಲಿ ಉಳಿಯುವುದು ಟಾರ್ಪಾಲಿನ ಮೇಲಿನ ಮಳೆ.

ಸದಸ್ಯರಲ್ಲಿ ಒಂದು ಸಣ್ಣ ಸೂಚನೆ. ಬಹುಮಂದಿ ಬೆಳೆಗಾರರ ಮನೆಯಲ್ಲಿ ಮಳೆ ಲೆಕ್ಕದ ಪುಸ್ತಕವಿದೆ. ತಾರೀಖು, ಇಂಚು, ಸೆಂಟು ಬರೆಯುವ ಸಾಲಿನ ಪಕ್ಕದಲ್ಲಿ ಒಂದಿಷ್ಟು ಜಾಗ ಬಿಡಿ. ಅಂದು ಮಳೆ ಹೇಗೆ ಸದ್ದು ಮಾಡಿತು, ಅದನ್ನು ಕೇಳಿ ಮನೆಯ ಹಿರಿಯರಿಗೆ ಏನು ನೆನಪಾಯಿತು ಎಂಬುದನ್ನು ಒಂದು ಸಾಲು ಬರೆಯಿರಿ. ಅದನ್ನು ಬರೆಯುವ ಕೆಲಸವನ್ನು ಮಕ್ಕಳಿಗೇ ವಹಿಸಿದರೆ ಇನ್ನೂ ಉತ್ತಮ. ರಜೆಗೆ ಬಂದವರು ಅಜ್ಜ-ಅಜ್ಜಿಯರನ್ನು ಕೇಳಿಯೇ ಬರೆಯಬೇಕಾಗುತ್ತದೆ. ಹತ್ತು ವರ್ಷದ ಮೇಲೆ ಇಂಚಿನ ಲೆಕ್ಕ ಹೂಮಳೆಯ ಅಂದಾಜಿಗೆ ಉಪಯೋಗಕ್ಕೆ ಬಂದೀತು; ಪಕ್ಕದ ಸಾಲು ಮನೆಗೆ ಉಪಯೋಗಕ್ಕೆ ಬಂದೀತು.

ನನ್ನ ಅಪ್ಪ ಪುಸ್ತಕ ಇಟ್ಟವನಲ್ಲ, ಓದು ಬಾರದವನು. ಅವನು ಅತ್ತ ರಾತ್ರಿ ಎಷ್ಟು ಇಂಚು ಮಳೆ ಬಿತ್ತೆಂಬುದು ಎಲ್ಲಿಯೂ ದಾಖಲಾಗಿಲ್ಲ. ಆದರೆ ಅದು ಹೇಗೆ ಕೇಳಿಸಿತೆಂಬುದನ್ನು ಈಗ ಇಲ್ಲಿ ಬರೆದಿದ್ದೇನೆ.